ಕನಸಿಗೂ ಹೊತ್ತು ಬೇಕು

ಕನಸಿನಲ್ಲಿ ಕಾಲ ಹಿಗ್ಗುತ್ತದೆ ಎಂಬ ಮಾತನ್ನು ನಮ್ಮಲ್ಲಿ ಎಲ್ಲರೂ ಪುರಾವೆ ಕೇಳದೆಯೇ ಒಪ್ಪಿಬಿಡುತ್ತಾರೆ. ಗಳಿಗೆ ಹೊತ್ತು ಕಣ್ಣು ಹತ್ತಿದರೆ ಸಾಕು, ಅಷ್ಟರಲ್ಲಿ ಮದುವೆ, ಮಕ್ಕಳು, ದೂರದ ಪ್ರಯಾಣ, ಹತ್ತಿರದವರ ಸಾವು ಎಲ್ಲವೂ ಆಗಿಹೋಗಿರುತ್ತದೆ. ಎದ್ದು ನೋಡಿದರೆ ಒಲೆಯ ಮೇಲಿಟ್ಟ ಹಾಲು ಇನ್ನೂ ಉಕ್ಕಿರುವುದಿಲ್ಲ. ಈ ನಂಬಿಕೆಗೆ ವಯಸ್ಸೂ ಇದೆ, ದೊಡ್ಡವರ ಬೆಂಬಲವೂ ಇದೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಕನಸಿನ ವಿಚಾರ ಬಂದಾಗ ಶಂಕರಾಚಾರ್ಯರು ಅದು ಬರೀ ಮಾಯೆ ಎನ್ನುವುದಕ್ಕೆ ಕೊಡುವ ಕಾರಣಗಳಲ್ಲಿ ಕಾಲ ಹೊಂದಿಕೆಯಾಗದಿರುವುದೂ ಒಂದು. ರಾತ್ರಿ ಮಲಗಿದವನು ಹಗಲನ್ನು ಕಾಣುತ್ತಾನೆ, ಒಂದು ಮುಹೂರ್ತ ಮಾತ್ರ ನಡೆಯುವ ಕನಸಿನಲ್ಲಿ ಎಷ್ಟೋ ವರ್ಷಗಳನ್ನು ಕಳೆದುಬಿಡುತ್ತಾನೆ ಎನ್ನುತ್ತಾರೆ ಅವರು. ಮುಹೂರ್ತವೆಂದರೆ ನಮ್ಮ ಗಡಿಯಾರದ ಲೆಕ್ಕದಲ್ಲಿ 48 ನಿಮಿಷ.

ಯೋಗವಾಸಿಷ್ಠ ಇದನ್ನೇ ಕಥೆಯಾಗಿಸಿ ಹೇಳುತ್ತದೆ. ಲವಣನೆಂಬ ರಾಜನ ಸಭೆಗೆ ಒಬ್ಬ ಐಂದ್ರಜಾಲಿಕ ಬಂದು ನವಿಲುಗರಿಯ ಕುಂಚ ಬೀಸುತ್ತಾನೆ. ಒಂದು ಕುದುರೆ ಕಾಣಿಸಿಕೊಳ್ಳುತ್ತದೆ. ಅದನ್ನೇ ದಿಟ್ಟಿಸಿದ ರಾಜ ಸಿಂಹಾಸನದ ಮೇಲೆ ಕಲ್ಲಿನಂತೆ ಕುಳಿತುಬಿಡುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಮೈತಿಳಿದು ಅವನು ಹೇಳುವುದು ಇಡೀ ಒಂದು ಬಾಳಿನ ಕಥೆ: ಕುದುರೆ ಹೊತ್ತೊಯ್ದ ಕಾಡು, ಹಸಿವು, ಅನ್ನ ಹಿಡಿದು ಬಂದ ಹುಡುಗಿ, ಆ ಅನ್ನಕ್ಕೆ ಬದಲಾಗಿ ಅವಳು ಕೇಳಿದ ಮದುವೆ, ಊರಾಚೆಯ ಕೇರಿಯಲ್ಲಿ ಸಂಸಾರ, ಮಕ್ಕಳು, ಮುಪ್ಪು, ಬರಗಾಲ, ಹಸಿದ ಮಗುವಿಗಾಗಿ ಬೆಂಕಿಗೆ ಹಾರಲು ಹೊರಟ ಗಳಿಗೆ. ಇದು ಇಂದ್ರಜಾಲವೇ ಹೊರತು ನಿದ್ದೆಯಲ್ಲ, ನಿಜ. ಕಾಲದ ಪ್ರಶ್ನೆಯಲ್ಲಿ ಮಾತ್ರ ಎರಡೂ ಒಂದೇ. ಚೀನಾದಲ್ಲಿ ತಾಂಗ್ ಕಾಲದ ಒಂದು ಕಥೆಯಿದೆ. ಛತ್ರವೊಂದರಲ್ಲಿ ತಲೆಯೊರಗಿಸಿದ ಯುವಕ ಅಧಿಕಾರ, ಅಪಮಾನ, ಐಶ್ವರ್ಯ, ಮರಣದವರೆಗಿನ ಬದುಕನ್ನು ಕಂಡು ಎದ್ದಾಗ ಛತ್ರದವನು ಒಲೆಯ ಮೇಲಿಟ್ಟ ಸಿರಿಧಾನ್ಯ ಇನ್ನೂ ಬೆಂದಿರುವುದಿಲ್ಲ. 2010ರಲ್ಲಿ ಬಂದ ಕ್ರಿಸ್ಟೋಫರ್ ನೋಲನ್ ಅವರ ‘ಇನ್ಸೆಪ್ಷನ್’ ಚಿತ್ರ ಇದಕ್ಕೆ ದರವನ್ನೂ ನಿಗದಿಮಾಡಿತು: ಹೊರಗಿನ ಐದು ನಿಮಿಷ ಕನಸಿನೊಳಗೆ ಒಂದು ಗಂಟೆ. ಚಿತ್ರ ನೋಡಿ ಬಂದವರಲ್ಲಿ ಹಲವರು ಅದನ್ನು ವಿಜ್ಞಾನದ ಮಾತೆಂದೇ ತಿಳಿದಿದ್ದಾರೆ.

ಈ ಕಥೆಗಳ ಸೊಗಸನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಅವು ಹೇಳುವ ಸಂಗತಿ ನಿಜವಲ್ಲ ಎಂದು ನಾನು ವಾದಿಸುತ್ತೇನೆ. ಕನಸಿನೊಳಗೆ ಕಾಲ ಹಿಗ್ಗುವುದಿಲ್ಲ. ಕನಸು ನಡೆಯುವುದು ಹೆಚ್ಚುಕಡಿಮೆ ಗೋಡೆಯ ಗಡಿಯಾರದ ವೇಗದಲ್ಲೇ. ಹಿಗ್ಗುವುದು ಎದ್ದ ಮೇಲೆ ನಾವು ಹಾಕುವ ಲೆಕ್ಕ. ಈ ವ್ಯತ್ಯಾಸ ಪಂಡಿತರ ಚರ್ಚೆಗಷ್ಟೇ ಸೇರಿದ್ದಲ್ಲ. ನಮ್ಮ ಮನೆಗಳ ಬೆಳಗಿನ ಜಾವಕ್ಕೂ ಅದಕ್ಕೂ ಸಂಬಂಧವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಪಶ್ಚಿಮದಲ್ಲಿ ಈ ನಂಬಿಕೆಗೆ ಶಾಸ್ತ್ರದ ಠಸ್ಸೆ ಬಿದ್ದದ್ದು ಒಂದೇ ಒಂದು ಕನಸಿನಿಂದ. ಫ್ರಾನ್ಸಿನ ವಿದ್ವಾಂಸ ಆಲ್ಫ್ರೆಡ್ ಮೋರಿ ನಿದ್ದೆ ಮತ್ತು ಕನಸುಗಳನ್ನು ಕುರಿತು 1861ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ಅದರಲ್ಲಿ ತನ್ನದೇ ಒಂದು ಕನಸನ್ನು ವಿವರಿಸಿದ್ದಾನೆ. ಮೈ ಸರಿಯಿಲ್ಲದೆ ಮಲಗಿದ್ದ, ತಾಯಿ ಹಾಸಿಗೆಯ ಪಕ್ಕದಲ್ಲಿದ್ದರು. ಕನಸಿನಲ್ಲಿ ಫ್ರೆಂಚ್ ಕ್ರಾಂತಿಯ ಭಯಾನಕ ದಿನಗಳು. ಕೊಲೆಗಳನ್ನು ಕಂಡ, ಕ್ರಾಂತಿಯ ನ್ಯಾಯಸ್ಥಾನದ ಮುಂದೆ ನಿಂತ, ರೋಬೆಸ್‌ಪಿಯರ್, ಮರಾ ಮೊದಲಾದವರನ್ನು ಕಂಡು ವಾದಿಸಿದ, ಮರಣದಂಡನೆಯಾಯಿತು, ಬಂಡಿಯಲ್ಲಿ ಜನಜಂಗುಳಿಯ ನಡುವೆ ಸಾಗಿಸಿದರು, ಕಟ್ಟೆ ಹತ್ತಿಸಿದರು, ಗಿಲೊಟಿನ್ ಇಳಿಯಿತು, ತಲೆ ಬೇರೆಯಾದದ್ದು ಅನುಭವಕ್ಕೆ ಬಂತು. ಗಾಬರಿಯಿಂದ ಎದ್ದರೆ ಮಂಚದ ಮೇಲ್ಭಾಗದ ಪಟ್ಟಿ ಕಳಚಿ ಕುತ್ತಿಗೆಯ ಮೇಲೆ ಬಿದ್ದಿತ್ತು. ಆಗತಾನೆ ಬಿತ್ತೆಂದು ತಾಯಿಯೂ ಹೇಳಿದರು. ಮೋರಿಯ ತರ್ಕ ಸರಳವಾಗಿತ್ತು. ಪಟ್ಟಿ ಬಿದ್ದದ್ದರಿಂದಲೇ ಗಿಲೊಟಿನ್ ಹುಟ್ಟಿತು. ಗಿಲೊಟಿನ್ನಿಗೆ ಕರೆದೊಯ್ಯುವ ಇಡೀ ಕಥೆಯೂ ಅದರಿಂದಲೇ ಹುಟ್ಟಿರಬೇಕು. ಹಾಗಾದರೆ ಅಷ್ಟು ದೊಡ್ಡ ಕಥೆ ಪಟ್ಟಿ ತಾಗಿದ್ದಕ್ಕೂ ಕಣ್ಣು ತೆರೆದದ್ದಕ್ಕೂ ನಡುವಿನ ಒಂದು ಕ್ಷಣದಲ್ಲಿ ನಡೆದುಹೋಗಿರಬೇಕು.

ಈ ತರ್ಕ ಮುಂದೆ ಬಹಳ ಕಾಲ ಯುರೋಪನ್ನು ಆಳಿತು. 1890ರ ದಶಕದಲ್ಲಿ ಫ್ರೆಂಚ್ ಪತ್ರಿಕೆಗಳಲ್ಲಿ ಇದರ ಬಗ್ಗೆ ವಾಗ್ವಾದ ನಡೆಯಿತು. ಫ್ರಾಯ್ಡ್ ತನ್ನ ಕನಸುಗಳ ವ್ಯಾಖ್ಯಾನದಲ್ಲಿ ಇದನ್ನು ಎತ್ತಿಕೊಂಡು ಒಂದು ಜಾಣ ಉತ್ತರ ಕೊಟ್ಟ: ಕ್ರಾಂತಿಯ ಕಥೆಗಳನ್ನು ಓದಿ ಬೆಳೆದ ಫ್ರೆಂಚ್ ತರುಣನ ಮನಸ್ಸಿನಲ್ಲಿ ಇಂಥದೊಂದು ಕಲ್ಪನೆ ಸಿದ್ಧವಾಗಿಯೇ ಇದ್ದಿರಬಹುದು, ಪಟ್ಟಿಯ ಏಟು ಅದನ್ನು ಎಬ್ಬಿಸಿತಷ್ಟೆ. ಹೊಸದಾಗಿ ಹೆಣೆಯುವುದಕ್ಕೆ ಹೊತ್ತು ಬೇಕು, ಹೆಣೆದಿಟ್ಟದ್ದನ್ನು ನೆನೆಯುವುದಕ್ಕೆ ಬೇಡ ಎಂಬುದು ಅವನ ವಾದದ ತಿರುಳು. ಆದರೂ ಅದು ಊಹೆಗೆ ಎದುರಾಗಿ ಇನ್ನೊಂದು ಊಹೆ. ಒಬ್ಬನೇ ಮನುಷ್ಯ ಹೇಳಿದ, ಒಂದೇ ಸಲ ಕಂಡ, ಯಾರೂ ಮತ್ತೆ ಪರೀಕ್ಷಿಸಲಾಗದ ಕನಸಿನ ಮೇಲೆ ಇಷ್ಟು ದೊಡ್ಡ ಕಟ್ಟಡ ಕಟ್ಟಿದ್ದೇ ನನಗೆ ಆಶ್ಚರ್ಯ. ಮಲಗಿದವನ ಒಳಗೆ ಏನು ಯಾವಾಗ ನಡೆಯುತ್ತಿದೆ ಎಂದು ಹೊರಗಿನಿಂದ ತಿಳಿಯುವ ದಾರಿ ಆಗ ಇರಲಿಲ್ಲ.

ಆ ದಾರಿ ತೆರೆದದ್ದು 1953ರಲ್ಲಿ. ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ನಿದ್ದೆಯ ಕೆಲವು ಹಂತಗಳಲ್ಲಿ ರೆಪ್ಪೆಯಡಿ ಕಣ್ಣುಗುಡ್ಡೆಗಳು ಸರಸರನೆ ಓಡಾಡುವುದನ್ನು ದಾಖಲಿಸಿದರು. ಆ ಹಂತದಲ್ಲಿ ಎಬ್ಬಿಸಿದರೆ ಜನ ಹೆಚ್ಚಾಗಿ ಕನಸು ಹೇಳುತ್ತಿದ್ದರು. ಇಂದು ಅದನ್ನು ರೆಮ್ ನಿದ್ದೆ ಎನ್ನುತ್ತಾರೆ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಅದು ಮರಳುತ್ತದೆ. ಉಳಿದ ಹಂತಗಳಲ್ಲೂ ಕನಸು ಬೀಳುವುದುಂಟು, ಆದರೆ ಕಥೆಯಂತೆ ಸಾಗುವ, ಬಣ್ಣ ತುಂಬಿದ ಕನಸುಗಳು ಇಲ್ಲೇ ಹೆಚ್ಚು.

ಕನಸಿಗೆ ಆರಂಭದ ಗುರುತು ಸಿಕ್ಕ ಮೇಲೆ ಅದರ ಉದ್ದವನ್ನು ಅಳೆಯುವುದು ಕಷ್ಟವಾಗಲಿಲ್ಲ. ವಿಲಿಯಂ ಡಿಮೆಂಟ್ ಮತ್ತು ಕ್ಲೈಟ್‌ಮನ್ 1957ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಪಾಲಿಗೆ ಈ ವಿಷಯದ ಅತ್ಯಂತ ನೇರವಾದ ಪುರಾವೆ. ಮಲಗಿದವರ ರೆಮ್ ಶುರುವಾಗಿ ಐದು ನಿಮಿಷಕ್ಕೆ ಕೆಲವೊಮ್ಮೆ, ಹದಿನೈದು ನಿಮಿಷಕ್ಕೆ ಕೆಲವೊಮ್ಮೆ ಎಬ್ಬಿಸಿ, ಕನಸು ಎಷ್ಟು ಹೊತ್ತು ನಡೆದಂತಿತ್ತು, ಐದೋ ಹದಿನೈದೋ ಎಂದು ಕೇಳಿದರು. 111 ಸಲ ಕೇಳಿದಾಗ 92 ಸಲ ಸರಿಯಾದ ಉತ್ತರ ಬಂತು. ರೆಮ್ ಹೆಚ್ಚು ಹೊತ್ತು ನಡೆದಷ್ಟೂ ಅವರು ಹೇಳಿದ ಕನಸಿನ ವರದಿಯೂ ಉದ್ದವಾಗಿತ್ತು. ಕನಸು ಕ್ಷಣದಲ್ಲಿ ಮುಗಿಯುವಂಥದ್ದಾಗಿದ್ದರೆ ಐದಕ್ಕೂ ಹದಿನೈದಕ್ಕೂ ವ್ಯತ್ಯಾಸವೇ ಇರುತ್ತಿರಲಿಲ್ಲ.

ಮುಂದಿನ ವರ್ಷ ಡಿಮೆಂಟ್ ಮತ್ತು ಎಡ್ವರ್ಡ್ ವೋಲ್ಪರ್ಟ್ ಇನ್ನೊಂದು ಹೆಜ್ಜೆ ಇಟ್ಟರು. ರೆಮ್‌ನಲ್ಲಿರುವವರ ಮೇಲೆ ತಣ್ಣೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿದರು. ಎಲ್ಲರ ಕನಸಿಗೂ ನೀರು ನುಗ್ಗಲಿಲ್ಲ, ನುಗ್ಗಿದಾಗ ಮಾತ್ರ ಅದು ಕಥೆಯ ನಡುವೆ ಒಂದು ಮೈಲಿಗಲ್ಲಾಯಿತು. ಒಬ್ಬನ ಕನಸಿನಲ್ಲಿ ನಾಟಕ ನಡೆಯುತ್ತಿತ್ತು. ನಾಯಕಿಯ ಹಿಂದೆ ಅವನು ನಡೆಯುತ್ತಿದ್ದಾಗ ಆಕೆ ಕುಸಿದುಬಿದ್ದಳು, ಆಕೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಓಡಿಹೋದ, ತನ್ನ ಬೆನ್ನು ತಲೆಗಳ ಮೇಲೂ ನೀರು ಬಿತ್ತು, ಮೇಲೆ ನೋಡಿದರೆ ಚಾವಣಿಯಲ್ಲಿ ತೂತು. ಆಕೆಯನ್ನು ಪಕ್ಕಕ್ಕೆಳೆದು ಪರದೆ ಎಳೆಯತೊಡಗಿದ, ಅಷ್ಟರಲ್ಲಿ ಎಚ್ಚರವಾಯಿತು. ಓದುಗರು ಇದನ್ನೇ ಎದ್ದು ನಿಂತು ಅಭಿನಯಿಸಿ ನೋಡಬಹುದು. ಎಷ್ಟು ಹೊತ್ತು ಬೇಕು? ಅರ್ಧ ನಿಮಿಷದ ಆಸುಪಾಸು. ಹೀಗೆ ನೀರು ಬಿದ್ದದ್ದರಿಂದ ಎಬ್ಬಿಸಿದವರೆಗಿನ ಹೊತ್ತನ್ನೂ, ಕನಸಿನಲ್ಲಿ ನೀರಿನ ನಂತರ ನಡೆದ ಕ್ರಿಯೆಗೆ ಎಚ್ಚರದಲ್ಲಿ ಬೇಕಾಗುವ ಹೊತ್ತನ್ನೂ ಹೋಲಿಸಿದಾಗ ಎರಡೂ ಹತ್ತಿರ ಹತ್ತಿರ ಬಂದವು.

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ, ಅದನ್ನು ಎತ್ತಿದವರು ಸಾಮಾನ್ಯರಲ್ಲ. 1976ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಡೇನಿಯಲ್ ಡೆನೆಟ್ ಕೇಳಿದ್ದು ಹೀಗೆ: ನಮಗೆ ಸಿಗುವುದೆಲ್ಲ ಎದ್ದ ಮೇಲಿನ ವರದಿ. ನಿದ್ದೆಯಲ್ಲಿ ಯಾವ ಅನುಭವವೂ ಇಲ್ಲದೆ, ಎಚ್ಚರವಾಗುವ ಗಳಿಗೆಯಲ್ಲಿ ಒಂದು ಸಿದ್ಧ ನೆನಪು ಮಾತ್ರ ತೆರೆದುಕೊಳ್ಳುತ್ತಿರಬಹುದಲ್ಲ? ಮೋರಿಯ ವಾದವೇ ಇಲ್ಲಿ ಹೊಸ ಬಟ್ಟೆ ತೊಟ್ಟು ಬಂದಿದೆ. ಇದಕ್ಕೆ ಉತ್ತರ ಬೇಕಾದರೆ ಕನಸು ಕಾಣುತ್ತಿರುವವನೇ ಒಳಗಿನಿಂದ ಸುದ್ದಿ ಕಳಿಸಬೇಕು.

ಅಂಥ ಸುದ್ದಿ ಬಂತು. ಕೆಲವರಿಗೆ ಕನಸಿನ ನಡುವೆಯೇ ಇದು ಕನಸು ಎಂಬ ಅರಿವು ಬರುತ್ತದೆ. ಇಂಥದ್ದಕ್ಕೆ ಲೂಸಿಡ್ ಡ್ರೀಮ್ ಎಂದು ಹೆಸರು. ರೆಮ್ ನಿದ್ದೆಯಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡು ಸ್ತಬ್ಧವಾಗಿರುತ್ತವೆ, ಕಣ್ಣು ಮಾತ್ರ ಆಡುತ್ತದೆ. ಹಾಗಾದರೆ ಕಣ್ಣಿನಿಂದಲೇ ಸಂಜ್ಞೆ ಮಾಡಬಹುದಲ್ಲ ಎಂಬ ಯೋಚನೆಯನ್ನು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ 1975ರಲ್ಲಿ ಸಾಧಿಸಿ ತೋರಿಸಿದ. ಸ್ವಲ್ಪ ಕಾಲಕ್ಕೆ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಸ್ವತಂತ್ರವಾಗಿ ಅದನ್ನೇ ಮಾಡಿದ. ಲಬರ್ಜ್ ಮಾಡಿಸಿದ ಒಂದು ಪ್ರಯೋಗ ನಮ್ಮ ಪ್ರಶ್ನೆಗೆ ನೇರ ಉತ್ತರ. ಕನಸಿನಲ್ಲಿ ಅರಿವು ಬಂದೊಡನೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಗುರುತು ಕೊಡಬೇಕು, ಹತ್ತು ಸೆಕೆಂಡು ಎಣಿಸಬೇಕು, ಮತ್ತೆ ಗುರುತು ಕೊಡಬೇಕು. ಎರಡು ಗುರುತುಗಳ ನಡುವೆ ಯಂತ್ರ ದಾಖಲಿಸಿದ ಹೊತ್ತು, ಎಚ್ಚರದಲ್ಲಿ ಅದೇ ರೀತಿ ಎಣಿಸಿದಾಗ ಹಿಡಿದ ಹೊತ್ತಿಗೆ ಸಮೀಪವಾಗಿತ್ತು. ಕನಸಿನ ಹತ್ತು ಸೆಕೆಂಡು ಹೊರಗೂ ಹತ್ತರ ಸುಮಾರೇ.

ಜರ್ಮನಿಯ ಡೇನಿಯಲ್ ಎರ್ಲಾಕರ್ ಮತ್ತು ಮೈಕೇಲ್ ಶ್ರೆಡ್ಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಣಿಕೆಯ ಜೊತೆಗೆ ಬಸ್ಕಿಯನ್ನೂ ಸೇರಿಸಿದರು. ಕನಸು ಕಾಣುವವರು ಕನಸಿನಲ್ಲೇ ಬಸ್ಕಿ ಹೊಡೆಯಬೇಕು, ಆರಂಭಕ್ಕೂ ಕೊನೆಗೂ ಕಣ್ಣಿನ ಗುರುತು ಕೊಡಬೇಕು. ಎಣಿಕೆಯ ವೇಗ ಎಚ್ಚರದಂತೆಯೇ ಇತ್ತು. ಬಸ್ಕಿ ಮಾತ್ರ ಎಚ್ಚರಕ್ಕಿಂತ ಗಣನೀಯವಾಗಿ ಹೆಚ್ಚು ಹೊತ್ತು ಹಿಡಿಯಿತು. ಹತ್ತು ವರ್ಷದ ನಂತರ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಡಿಗೆ ಮತ್ತು ಅಂಗಸಾಧನೆಯ ವಿಷಯದಲ್ಲೂ ಹೀಗೇ ಕಂಡುಬಂತು. ಈ ಫಲಿತಾಂಶದ ದಿಕ್ಕನ್ನು ಸರಿಯಾಗಿ ಗಮನಿಸಬೇಕು. ಜನಪ್ರಿಯ ನಂಬಿಕೆಯ ಪ್ರಕಾರ ಹೊರಗಿನ ಸ್ವಲ್ಪ ಹೊತ್ತಿನಲ್ಲಿ ಒಳಗೆ ಬಹಳ ಕೆಲಸ ಆಗಬೇಕು. ಇಲ್ಲಿ ತದ್ವಿರುದ್ಧ: ಅಷ್ಟೇ ಕೆಲಸಕ್ಕೆ ಕನಸಿನಲ್ಲಿ ಹೆಚ್ಚು ಹೊತ್ತು ಬೇಕಾಯಿತು. ಕನಸಿನ ಕೆಲಸಗಾರ ನಿಧಾನಿ.

2021ರಲ್ಲಿ ಅಮೆರಿಕ, ಜರ್ಮನಿ, ಫ್ರಾನ್ಸ್ ಮತ್ತು ನೆದರ್ಲೆಂಡ್ಸ್‌ನ ನಾಲ್ಕು ಪ್ರಯೋಗಾಲಯಗಳು ಒಟ್ಟಾಗಿ ಪ್ರಕಟಿಸಿದ ಕೆಲಸ ಇನ್ನೂ ಮುಂದಕ್ಕೆ ಹೋಯಿತು. ರೆಮ್‌ನಲ್ಲಿ ಮಲಗಿದ್ದವರಿಗೆ ಪ್ರಶ್ನೆ ಕೇಳಿದರು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಿದಾಗ ಒಬ್ಬ ಕಣ್ಣನ್ನು ಎರಡು ಸಲ ಹೊರಳಿಸಿ ಉತ್ತರಿಸಿದ. ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ, ಬಹುಪಾಲು ಫಲಿಸಲಿಲ್ಲ ಎಂದೇ ಹೇಳಬೇಕು. ಆದರೆ ಫಲಿಸಿದವೇ ಸಾಕು. ಸಂಭಾಷಣೆಗೆ ಇಬ್ಬರೂ ಒಂದೇ ಲಯದಲ್ಲಿರಬೇಕು. ‘ಇನ್ಸೆಪ್ಷನ್’ ಚಿತ್ರದ ದರದಂತೆ ಹನ್ನೆರಡು ಪಟ್ಟು ಹಿಗ್ಗಿದ ಕಾಲದಲ್ಲಿ ಇರುವವನಿಗೆ ಎರಡು ಸೆಕೆಂಡಿನ ಪ್ರಶ್ನೆ ಇಪ್ಪತ್ನಾಲ್ಕು ಸೆಕೆಂಡಿನ ಮೊರೆತವಾಗಿ ಕೇಳಿಸಬೇಕಿತ್ತು. ಅದರಲ್ಲಿ ಅಂಕಿಗಳನ್ನು ಗುರುತಿಸಿ ಲೆಕ್ಕ ಮಾಡುವುದು ಸಾಧ್ಯವಾಗುತ್ತಿರಲಿಲ್ಲ. ಕನಸಿನಲ್ಲಿರುವವನೂ ಪಕ್ಕದಲ್ಲಿ ಕುಳಿತವನೂ ಒಂದೇ ಗಡಿಯಾರದಡಿಯಲ್ಲಿ ಇದ್ದರು. ಡೆನೆಟ್ ಎತ್ತಿದ ಸಂದೇಹಕ್ಕೆ, ಕಡೇಪಕ್ಷ ಈ ಬಗೆಯ ಕನಸುಗಳ ಮಟ್ಟಿಗೆ, ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಹಾಗಾದರೆ ನಮ್ಮೆಲ್ಲರ ಅನುಭವ ಸುಳ್ಳೇ? ಅನುಭವ ಸುಳ್ಳಲ್ಲ, ಅದಕ್ಕೆ ಕೊಟ್ಟ ಅರ್ಥ ತಪ್ಪು.

ಲವಣನ ಕಥೆಗೇ ಮರಳೋಣ. ಎಚ್ಚೆತ್ತ ರಾಜ ಸಭೆಯಲ್ಲಿ ಕುಳಿತು ಆ ಇಡೀ ಬಾಳನ್ನು ಹೇಳುತ್ತಾನೆ, ಅದೂ ಒಂದೇ ಬೈಠಕ್ಕಿನಲ್ಲಿ. ಅವನು ಹೇಳುವುದರಲ್ಲಿ ಎಷ್ಟು ದೃಶ್ಯಗಳಿವೆ? ಕಾಡು, ಅನ್ನದ ಪಾತ್ರೆ, ಮದುವೆ, ಮಕ್ಕಳು, ಬರ, ಬೆಂಕಿ. ಉಳಿದ ವರ್ಷಗಳೆಲ್ಲಿ? ಉಳಿದ ವರ್ಷಗಳನ್ನು ಅವನು ಬಾಳಲಿಲ್ಲ, ಅವು ಕಳೆದವೆಂದು ತಿಳಿದಿದ್ದಾನೆ ಅಷ್ಟೆ. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಷಧಾರಿ ರಂಗದ ಮೇಲೆ ಒಂದು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆಗೆ ತಲುಪಿದ ಹಾಗೆ. ಭಾಗವತರು ಪದ್ಯದ ಒಂದು ಸಾಲಿನಲ್ಲಿ ಹನ್ನೆರಡು ವರ್ಷದ ವನವಾಸ ಕಳೆದುಬಿಡುತ್ತಾರೆ. ಪ್ರೇಕ್ಷಕರು ಹನ್ನೆರಡು ವರ್ಷ ಕಾಯಲಿಲ್ಲ, ಆದರೆ ಪಾಂಡವರ ದಣಿವು ಅವರಿಗೆ ನಿಜವಾಗಿ ತಟ್ಟುತ್ತದೆ. ಕನಸು ಮಾಡುವುದೂ ಇದನ್ನೇ. ದೃಶ್ಯದಿಂದ ದೃಶ್ಯಕ್ಕೆ ಜಿಗಿಯುತ್ತದೆ, ನಡುವೆ ಬಹಳ ಕಾಲ ಸರಿಯಿತು ಎಂಬ ಖಾತರಿಯನ್ನು ಜೊತೆಗೇ ಕೊಡುತ್ತದೆ. ವ್ಯತ್ಯಾಸವೆಂದರೆ ರಂಗದ ಮುಂದೆ ಕುಳಿತವರಿಗೆ ಇದು ರಂಗವೆಂದು ಗೊತ್ತು. ರೆಮ್ ನಿದ್ದೆಯಲ್ಲಿ ಮಿದುಳಿನ ಮುಂಭಾಗದ ಕೆಲವು ಪ್ರದೇಶಗಳ, ಅಂದರೆ ತರ್ಕ, ಪರಿಶೀಲನೆಗಳಿಗೆ ನೆರವಾಗುವ ಪ್ರದೇಶಗಳ ಚಟುವಟಿಕೆ ತಗ್ಗಿರುತ್ತದೆಂದು 1990ರ ದಶಕದ ಮಿದುಳಿನ ಚಿತ್ರಣಗಳು ತೋರಿಸಿವೆ. ಜಿಗಿತವನ್ನು ಪ್ರಶ್ನಿಸುವವನೇ ಮಲಗಿರುತ್ತಾನೆ.

ದೀರ್ಘವೆಂಬ ಅರಿವು ಬೇರೆ, ದೀರ್ಘವಾದ ಅರಿವು ಬೇರೆ. ಕನಸು ಹೇರಳವಾಗಿ ಕೊಡುವುದು ಮೊದಲನೆಯದನ್ನು. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದಕ್ಕೆ ಹತ್ತಿರದ ಮಾತೊಂದನ್ನು ಹೇಳಿದ್ದ: ಅನಿಸಿಕೆಗಳು ಒಂದರ ನಂತರ ಒಂದು ಬಂದವೆಂದ ಮಾತ್ರಕ್ಕೆ ಆ ಒಂದರ ನಂತರ ಒಂದು ಎಂಬುದರ ಅನಿಸಿಕೆ ಇದ್ದಂತಾಗಲಿಲ್ಲ. ಅದನ್ನು ತಿರುಗಿಸಿದರೂ ನಿಜವೇ. ಇಪ್ಪತ್ತು ವರ್ಷ ಕಳೆಯಿತು ಎಂಬ ಅನಿಸಿಕೆ ಬರಲು ಇಪ್ಪತ್ತು ವರ್ಷದ ಅನಿಸಿಕೆಗಳು ಬೇಕಿಲ್ಲ. ಕನಸಿನಲ್ಲಿ ಅಮ್ಮನ ತಲೆ ನರೆತಿರುವುದನ್ನು ಕಂಡರೆ ಸಾಕು.

ನೆನಪಿನ ಪಾತ್ರವೂ ಇದೆ. ಘಟನೆಗಳು, ಸ್ಥಳಗಳು, ಮುಖಗಳು ಹೆಚ್ಚಾಗಿ ಅಚ್ಚೊತ್ತಿದ ಅವಧಿ ಹಿಂತಿರುಗಿ ನೋಡಿದಾಗ ಉದ್ದವಾಗಿ ಕಾಣುತ್ತದೆ. ಜೇಮ್ಸ್ ಇದನ್ನೂ ಬರೆದಿದ್ದಾನೆ. ಇದಕ್ಕೆ ಒಂದು ಧೈರ್ಯದ ಪರೀಕ್ಷೆ ನಡೆದದ್ದು 2007ರಲ್ಲಿ. ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಸ್ವಯಂಸೇವಕರನ್ನು 31 ಮೀಟರ್ ಎತ್ತರದಿಂದ ಕೆಳಗಿನ ಬಲೆಗೆ ಬೀಳಿಸಿದರು. ಅಪಘಾತದ ಹೊತ್ತಿನಲ್ಲಿ ಕಾಲವೇ ನಿಂತಂತಾಯಿತು ಎಂದು ಜನ ಹೇಳುತ್ತಾರಲ್ಲ, ಅದು ನಿಜವೇ ಎಂಬುದು ಪ್ರಶ್ನೆ. ತಾವು ಬಿದ್ದ ಹೊತ್ತನ್ನು ಅವರು, ಬೇರೆಯವರು ಬಿದ್ದ ಹೊತ್ತಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಉದ್ದವೆಂದು ಅಂದಾಜಿಸಿದರು. ಆದರೆ ಮಣಿಕಟ್ಟಿಗೆ ಕಟ್ಟಿದ್ದ ಸಾಧನದಲ್ಲಿ ಅತಿವೇಗವಾಗಿ ಮಿನುಗುವ ಅಂಕಿಗಳನ್ನು ಓದಲು ಅವರಿಗೆ ಆಗಲೂ ಆಗಲಿಲ್ಲ. ಕಾಲ ನಿಜಕ್ಕೂ ನಿಧಾನವಾಗಿದ್ದರೆ ಓದಬಲ್ಲವರಾಗಿರಬೇಕಿತ್ತು. ಉದ್ದವಾದದ್ದು ಬೀಳುವಿಕೆಯ ನೆನಪು, ಬೀಳುವಿಕೆಯಲ್ಲ. ಕನಸಿನ ವಿಷಯದಲ್ಲೂ ನನಗೆ ಒಪ್ಪಿಗೆಯಾಗುವ ವಿವರಣೆ ಇದೇ.

ಬೆಳಿಗ್ಗೆ ಅಲಾರಾಂ ಆರಿಸಿ ಮತ್ತೆ ಮಲಗಿದ ಹತ್ತೇ ನಿಮಿಷದಲ್ಲಿ ಮಹಾಕನಸು ಬೀಳುವುದೇಕೆ ಎಂದು ಕೇಳುವವರಿದ್ದಾರೆ. ಎಲ್ಲರ ಬಾಯಲ್ಲೂ ಬರುವ ಉದಾಹರಣೆ ಅದೇ. ರೆಮ್ ನಿದ್ದೆಯ ಒತ್ತಡ ದೇಹದಲ್ಲಿ ಬೆಳಗಿನ ಜಾವದ ಹೊತ್ತಿಗೆ ಅತಿ ಹೆಚ್ಚು. ಆಗ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚಿದವನು ಬೇಗನೆ ಕನಸಿಗೇ ಜಾರುತ್ತಾನೆ. ಅಲಾರಾಂ ಮತ್ತೆ ಹೊಡೆದು ಕನಸಿನ ನಡುವಿನಿಂದಲೇ ಎಬ್ಬಿಸುವುದರಿಂದ ನೆನಪು ಹಸಿಯಾಗಿ ಕೈಗೆ ಸಿಗುತ್ತದೆ. ಮಲಗಿದ ಹೊತ್ತು, ಎದ್ದ ಹೊತ್ತು ಎರಡೂ ನಿಖರವಾಗಿ ಗೊತ್ತಿರುವುದು ರಾತ್ರಿಯಿಡೀ ಈ ಒಂದು ನಿದ್ದೆಗೆ ಮಾತ್ರ. ಹಾಗಾಗಿಯೇ ಹೋಲಿಕೆಗೆ ಸಿಗುವುದೂ ಅದೊಂದೇ. ನಿಜಕ್ಕೂ ಹತ್ತು ನಿಮಿಷವೆಂದರೆ ಕಡಿಮೆಯೇನಲ್ಲ. ಹತ್ತು ನಿಮಿಷದ ನಾಟಕದಲ್ಲಿ ಎಷ್ಟು ನಡೆಯಬಹುದೋ ಯೋಚಿಸಿ, ಆಮೇಲೆ ನಿಮ್ಮ ಕನಸನ್ನು ಬರೆದಿಟ್ಟು ಸಹಜ ವೇಗದಲ್ಲಿ ಆಡಿನೋಡಿ.

ನನ್ನ ವಾದಕ್ಕೆ ವಿರುದ್ಧವಾಗಿ ಹೇಳಬಹುದಾದದ್ದನ್ನು ಮುಚ್ಚಿಡಬಾರದು. ಇಲಿಗಳ ಮಿದುಳು ನಿದ್ದೆಯಲ್ಲಿ ಹಗಲಿನ ಓಡಾಟವನ್ನು ಮತ್ತೆ ಆಡಿಸಿಕೊಳ್ಳುತ್ತದೆ. ಗಾಢನಿದ್ದೆಯಲ್ಲಿ ಈ ಮರುಕಳಿಕೆ ಹಲವು ಪಟ್ಟು ವೇಗವಾಗಿ, ಸೆಕೆಂಡಿನ ಒಂದಂಶದಲ್ಲಿ ನಡೆದುಹೋಗುತ್ತದೆ. ಅಂದರೆ ಕಾಲವನ್ನು ಮಡಚುವ ಶಕ್ತಿ ಮಿದುಳಿಗೆ ಇದೆ. ಆದರೆ ಎಂಐಟಿಯ ಕೆನ್ವೇ ಲೂಯಿ ಮತ್ತು ಮ್ಯಾಥ್ಯೂ ವಿಲ್ಸನ್ 2001ರಲ್ಲಿ ರೆಮ್ ನಿದ್ದೆಯನ್ನು ನೋಡಿದಾಗ, ಅಲ್ಲಿ ಅದೇ ಮರುಕಳಿಕೆ ನಿಮಿಷಗಟ್ಟಲೆ, ಹೆಚ್ಚುಕಡಿಮೆ ಹಗಲಿನ ವೇಗದಲ್ಲೇ ಸಾಗುತ್ತಿತ್ತು. ಕಥೆಗನಸುಗಳು ಹೆಚ್ಚಾಗಿ ಬೀಳುವ ಹಂತದಲ್ಲೇ ಮಿದುಳು ನಿಧಾನಕ್ಕೆ ಬರುತ್ತದೆ. ಇಲಿಗೆ ಕನಸು ಬೀಳುತ್ತದೆಯೇ ಎಂಬುದು ಬೇರೆ ಮಾತು. ಮಿದುಳಿನ ವೇಗದ ಸಾಕ್ಷ್ಯವಂತೂ ನನ್ನ ಕಡೆಗೇ ಇದೆ.

ಈಗ ಶಂಕರರ ಮಾತು. ಕನಸಿನಲ್ಲಿ ವರ್ಷಗಳನ್ನು ಕಳೆಯುತ್ತಾನೆ ಎಂಬುದನ್ನು ಕಳೆದೆನೆಂದು ತಿಳಿಯುತ್ತಾನೆ ಎಂದು ತಿದ್ದಿಕೊಳ್ಳಬೇಕಾಗುತ್ತದೆ. ಅವರ ನಿರ್ಣಯ ಈ ಒಂದು ಕಾರಣದ ಮೇಲೆ ನಿಂತದ್ದಲ್ಲ, ಆದ್ದರಿಂದ ಅದು ಉರುಳುವುದಿಲ್ಲ; ಒಂದು ಆಧಾರ ಸಡಿಲವಾಗುತ್ತದೆ. ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ಹೂಡಿದ ವಾದ ಹೆಚ್ಚು ಎಚ್ಚರಿಕೆಯದು. ಹೊತ್ತು ಅಷ್ಟು ಚಿಕ್ಕದಾಗಿರುವಾಗ ಕನಸುಗಾರ ಆ ದೂರದ ನಾಡುಗಳಿಗೆ ಹೋಗಿ ನೋಡಿರಲಾರ ಎಂದಷ್ಟೇ ಅವರು ಹೇಳುವುದು. ಪ್ರಯೋಗಾಲಯವೂ ಅದನ್ನೇ ಹೇಳುತ್ತದೆ: ಯಾರೂ ಹೋಗಲಿಲ್ಲ, ದಾರಿಯನ್ನು ಕನಸು ಬಿಟ್ಟೇಬಿಟ್ಟಿತು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ 13ನೇ ಶತಮಾನದ ಮಧ್ವಾಚಾರ್ಯರ ನಿಲುವು ಇವೆರಡಕ್ಕಿಂತ ಭಿನ್ನ. ಕನಸು ಸುಳ್ಳಲ್ಲ, ಮನಸ್ಸಿನಲ್ಲಿ ಉಳಿದ ವಾಸನೆಗಳಿಂದ ಈಶ್ವರನು ನಿರ್ಮಿಸಿದ ನಿಜವಾದ ವಸ್ತುಗಳೇ ಅಲ್ಲಿರುವುದು. ಅವನ್ನು ಎಚ್ಚರದ ಲೋಕದ ವಸ್ತುಗಳೆಂದು ತಿಳಿಯುವುದಷ್ಟೇ ಭ್ರಾಂತಿ ಎನ್ನುತ್ತಾರೆ ಅವರು. ಈಶ್ವರನ ವಿಚಾರ ಪ್ರಯೋಗಕ್ಕೆ ನಿಲುಕುವುದಿಲ್ಲ. ಉಳಿದಂತೆ, ಕನಸು ನಿಜವಾಗಿ ನಡೆಯುವ ಒಂದು ಘಟನೆ, ಅದರ ಸಾಮಗ್ರಿ ಹಗಲಿನ ಉಳಿಕೆ, ತಪ್ಪುವುದು ನಮ್ಮ ಗ್ರಹಿಕೆಯಲ್ಲಿ ಎಂಬ ಚಿತ್ರಣಕ್ಕೆ ಇವತ್ತಿನ ನಿದ್ರಾವಿಜ್ಞಾನ ಬಹಳ ಹತ್ತಿರದಲ್ಲಿದೆ. ನಮ್ಮ ಆಚಾರ್ಯರ ಮೂರು ನಿಲುವುಗಳನ್ನು ಬರೀ ಮತಭೇದವೆಂದು ಓದಿ ಮುಗಿಸುವವರು ಅವರ ಸೂಕ್ಷ್ಮ ಗಮನವನ್ನು ಕಾಣದೆ ಹೋಗುತ್ತಾರೆ.

ಕನಸಿನಲ್ಲಿ ಇನ್ನೊಂದು ಬದುಕನ್ನು ಬಾಳಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. 2013ರ ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ ಕನ್ನಡ ಪ್ರೇಕ್ಷಕರಿಗೆ ಅಷ್ಟು ಹಿಡಿಸಲು ಆ ಆಸೆಯೇ ಒಂದು ಕಾರಣ. ಚಿತ್ರಮಂದಿರದಲ್ಲಿ ಟಾರ್ಚ್ ಬಿಡುವ ಹುಡುಗ ಮಾತ್ರೆ ನುಂಗಿ ಕನಸಿನಲ್ಲಿ ತಾರೆಯಾಗುತ್ತಾನೆ. ಕಲೆಗೆ ಆ ಹಕ್ಕಿದೆ. ನಾನು ಒಪ್ಪದಿರುವುದು, ಒಂದು ರಾತ್ರಿಯಲ್ಲಿ ವರ್ಷಗಳನ್ನು ಬದುಕಬಹುದು, ಕನಸಿನಲ್ಲೇ ಪಾಠ ಮುಗಿಸಬಹುದು ಎಂಬ ಭರವಸೆಯನ್ನು ಯಾರಾದರೂ ಹಣಕ್ಕೆ ಮಾರಲು ಬಂದಾಗ. ರಾತ್ರಿ ಕೊಡುವುದು ಗಡಿಯಾರದ ಹೊತ್ತನ್ನೇ. ಎಂಟು ಗಂಟೆಯ ನಿದ್ದೆಯಲ್ಲಿ ರೆಮ್ ಒಟ್ಟು ಸುಮಾರು ಒಂದೂವರೆಯಿಂದ ಎರಡು ಗಂಟೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಿನ ಬದುಕೂ ಅಲ್ಲಿ ಅಡಗಿಲ್ಲ.

ಈ ಎರಡು ಗಂಟೆ ರಾತ್ರಿಯುದ್ದಕ್ಕೂ ಸಮನಾಗಿ ಹಂಚಿಹೋಗಿಲ್ಲ ಎಂಬುದೇ ಬೆಳಗಿನ ಜಾವದ ಮಾತಿಗೆ ಮೂಲ. ಮೊದಲ ರೆಮ್ ಹತ್ತು ನಿಮಿಷವೋ ಅದಕ್ಕೂ ಕಡಿಮೆಯೋ ಇರುತ್ತದೆ. ರಾತ್ರಿ ಸರಿದಂತೆ ಅದು ಹಿಗ್ಗುತ್ತ ಬಂದು ಕೊನೆಯ ಸುತ್ತುಗಳಲ್ಲಿ ಅರ್ಧ ಗಂಟೆಯನ್ನೂ ಮೀರುತ್ತದೆ. ಕನಸು ಕ್ಷಣದ ಆಟವಾಗಿದ್ದರೆ ನಿದ್ದೆಯ ಕೊನೆಯ ಭಾಗ ಕತ್ತರಿಸಿದರೂ ನಷ್ಟವಿರುತ್ತಿರಲಿಲ್ಲ, ಉಳಿದ ಚೂರಿನಲ್ಲೇ ಎಲ್ಲ ನಡೆದುಹೋಗುತ್ತಿತ್ತು. ಹಾಗಲ್ಲವಾದ್ದರಿಂದ, ಎಂಟು ಗಂಟೆ ಮಲಗಬೇಕಾದವನನ್ನು ಆರು ಗಂಟೆಯ ನಿದ್ದೆಗೇ ಎಬ್ಬಿಸಿದರೆ ಹೋಗುವುದು ನಿದ್ದೆಯ ಕಾಲುಭಾಗ, ಕನಸಿನಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಪಾಲು. ಭಾವನೆಗಳ ತೂಕವುಳ್ಳ ನೆನಪುಗಳನ್ನು ಸರಿಪಡಿಸಿ ಇಡುವ ಕೆಲಸದಲ್ಲಿ ರೆಮ್ ನಿದ್ದೆಗೆ ಪಾಲಿದೆ ಎಂದು ಬಹಳಷ್ಟು ಸಂಶೋಧಕರು ಭಾವಿಸುತ್ತಾರೆ.

ನಮ್ಮ ಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ, ನೀಟ್ ಎಂದರೆ ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸುವುದು ಪ್ರೀತಿಯ ಲಕ್ಷಣ. ಬೆಳಗಿನ ಜಾವ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂಬ ಮಾತಿಗೆ ಹಿರಿಯರ ಬಲವೂ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಊಟ ಮುಗಿಸಿ ಎಂಟಕ್ಕೆ ಮಲಗುತ್ತಿದ್ದ ಕಾಲದಲ್ಲಿ ನಾಲ್ಕಕ್ಕೆ ಏಳುವವನದು ಪೂರ್ತಿ ನಿದ್ದೆ. ಹನ್ನೊಂದರವರೆಗೆ ಟ್ಯೂಷನ್ನಿನ ಲೆಕ್ಕ ಬಿಡಿಸಿ ಮಲಗುವ ಹುಡುಗಿಗೆ ಅದು ಐದೇ ಗಂಟೆ. ಹದಿಮೂರರಿಂದ ಹದಿನೆಂಟರ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ನಿದ್ರಾವೈದ್ಯರು ಹೇಳುತ್ತಾರೆ. ಕೊರತೆಯಾದ ಆ ಗಂಟೆಗಳನ್ನು ಕನಸು ಒಳಗೊಳಗೇ ಹಿಗ್ಗಿಸಿ ತುಂಬಿಕೊಡುವುದಿಲ್ಲ. ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸಲೇಬೇಕೆಂದಿದ್ದರೆ ಎಂಟಕ್ಕೆ ಮಲಗಲು ಬಿಡಿ. ಅದು ಆಗದಿದ್ದರೆ, ದಯವಿಟ್ಟು ಆರೂವರೆಯವರೆಗಾದರೂ ಎಬ್ಬಿಸಬೇಡಿ.